ಕಚ್ಚುಗಿವಿಯ ಅಂಡಲೆ

ಐಮಂಗಲದ ಈರಕ್ಕನನ್ನು ನೀವು ನೋಡಿಲ್ಲ, ಹೋಗಲಿ ಬಿಡಿ. ನಲವತ್ತು ವರ್ಷ ಕುರಿ ಹಿಂದೆ ನಡೆದ ಹೆಂಗಸು. ಹಿರಿಯೂರಿನಿಂದ ಹೊಸದುರ್ಗದವರೆಗೆ ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಯಾವ ತಿಂಗಳು ಮೇವು ಇರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಹೋದ ವರ್ಷ ಮಂಡಿ ಕೈಕೊಟ್ಟಿತು. "ಇನ್ನು ನಡೆದಿದ್ದು ಸಾಕು" ಎಂದರು ಡಾಕ್ಟರು. ಮಂದೆಯನ್ನು ಮಗ ನಾಗಭೂಷಣ ಹೊಡೆದುಕೊಂಡು ಹೋದ, ಈರಕ್ಕ ಜಗಲಿಗೆ ಬಂದಳು. ಅಂಥವಳಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಮೊಮ್ಮಗಳ ಆಟದ ಡಬ್ಬಿಯ ಹುಚ್ಚು ಹತ್ತಿತು ಅಂದರೆ ನಗಬೇಡಿ. ಹುಚ್ಚು ವಯಸ್ಸು ಕೇಳಿಕೊಂಡು ಬರುವುದಿಲ್ಲ.

ಮೊಮ್ಮಗಳು ಚೈತ್ರಾ ಹಿರಿಯೂರಿನ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಸಂಜೆ ಬಸ್ಸಿಳಿದು ಬಂದವಳೇ ಕಾಲು ತೊಳೆದು, ಟೀ ಕುಡಿದು, ಅಂಗೈಯಗಲದ ಆ ಡಬ್ಬಿ ಹಿಡಿದು ಕೂರುವಳು. ಅದರ ಗಾಜಿನೊಳಗೆ ಒಂದು ದೇಶವೇ ಇತ್ತು. ಕೆರೆ, ಗುಡ್ಡ, ಊರು, ಊರಿಂದ ಊರಿಗೆ ದಾರಿ, ದಾರಿಯ ಬದಿಗೆಲ್ಲ ಎದೆಮಟ್ಟ ಹುಲ್ಲು. ಹುಲ್ಲಿನೊಳಗೆ ನಡೆದರೆ ತಟಕ್ಕನೆ ಒಂದು ಪ್ರಾಣಿ ಎದುರಾಗುತ್ತದೆ. ನಮ್ಮ ಹತ್ತಿರ ಮೊದಲೇ ಪಳಗಿದ ಪ್ರಾಣಿಯನ್ನು ಮುಂದೆ ಬಿಟ್ಟು, ಎದುರಿನದಕ್ಕೆ ನಾಲ್ಕು ಏಟು ಕೊಡಿಸಿ, ಸುಸ್ತಾದಾಗ ಒಂದು ಮಾಯದ ಚೆಂಡು ಎಸೆದರೆ ಅದು ಚೆಂಡಿನೊಳಗೆ ಸೇರಿ ನಮ್ಮದಾಗುತ್ತದೆ. ಏಟು ಜಾಸ್ತಿ ಬಿದ್ದು ಸತ್ತಿತೋ, ಹೋಯಿತು. ಒಟ್ಟು ಇನ್ನೂರ ಹನ್ನೆರಡು ಜಾತಿ. ಚೈತ್ರಾಳ ಪಟ್ಟಿಯಲ್ಲಿ ಇನ್ನೂರ ಹನ್ನೊಂದು ಸೇರಿದ್ದವು.

ಚೈತ್ರಾಳ ಪಟ್ಟಿ ಅಂದರೆ ತಪ್ಪಾಗುತ್ತದೆ. ಡಬ್ಬಿ ಇಬ್ಬರದು. ದುರ್ಗದ ಆತಿಕಾ ಅಂತ, ಇವಳ ಜೊತೆ ಓದಿದವಳು, ಅದೇ ದವಾಖಾನೆಯಲ್ಲಿ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುವವಳು. ಆತಿಕಾಳ ಮಾಮ ದಿಲಾವರ್‌ನದು ದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಮೂರು ವರ್ಷದ ಕೆಳಗೆ ಅವನ ಅಂಗಡಿಯಲ್ಲಿ ಯಾರೋ ಮಾರಿಹೋಗಿದ್ದ ಈ ಹಳೇ ಡಬ್ಬಿಯನ್ನು ಹುಡುಗಿಯರು ಕೂಡಿ ಕೊಂಡಿದ್ದರು. ಒಂದು ವಾರ ಅವಳ ಹತ್ತಿರ, ಒಂದು ವಾರ ಇವಳ ಹತ್ತಿರ, ಸೋಮವಾರ ಕೈ ಬದಲು. ಎರಡು ಆಣೆ ಇದ್ದವು. ಯಾರನ್ನೂ ಕೇಳಬಾರದು, ಫೋನಿನಲ್ಲಿ ಹುಡುಕಬಾರದು, ಏನು ಕಂಡುಹಿಡಿದರೂ ತಾವೇ ಕಂಡುಹಿಡಿಯಬೇಕು ಎನ್ನುವುದು ಒಂದು. ಕೊನೆಯದನ್ನು ಹಿಡಿಯುವಾಗ ಇಬ್ಬರೂ ಒಟ್ಟಿಗೆ ಕೂತಿರಬೇಕು ಎನ್ನುವುದು ಇನ್ನೊಂದು.

ಆ ಕೊನೆಯದೇ ಪ್ರಾಣ ತಿನ್ನುತ್ತಿತ್ತು. ಉಳಿದವಕ್ಕೆಲ್ಲ ಒಂದೊಂದು ಠಾವು ಇತ್ತು. ಕೆರೆಯದು ಕೆರೆಯಲ್ಲಿ, ಗವಿಯದು ಗವಿಯಲ್ಲಿ ಸಿಗುತ್ತಿದ್ದವು. ಇದಕ್ಕೆ ಮನೆ ಇಲ್ಲ, ಮಠ ಇಲ್ಲ. ನಕಾಶೆಯಲ್ಲಿ ಕೆಂಪು ಚುಕ್ಕಿಯಾಗಿ ಕಾಣುವುದು. ದೊಡ್ಡ ಹಕ್ಕಿಯೊಂದರ ಬೆನ್ನೇರಿ ಅಲ್ಲಿಗೆ ಹಾರಿ ಹೋಗುವಷ್ಟರಲ್ಲಿ ಚುಕ್ಕಿ ದೇಶದ ಇನ್ನೊಂದು ಮೂಲೆಗೆ ಹೋಗಿರುವುದು. ಅಪ್ಪಿತಪ್ಪಿ ಎದುರು ಸಿಕ್ಕರೂ ರೆಪ್ಪೆ ಬಡಿಯುವುದರೊಳಗೆ ಓಟ. ಅದಕ್ಕೆ ಬಾಯಿ ತಿರುಗದ ಇಂಗ್ಲಿಷ್ ಹೆಸರೊಂದಿತ್ತು. ಊರೂರು ಅಂಡಲೆಯುವುದನ್ನು ನೋಡಿ ಈರಕ್ಕ ಅದನ್ನು ಅಂಡಲೆ ಎಂದು ಕರೆದಳು, ಹುಡುಗಿಯರಿಗೂ ಅದೇ ಹೆಸರು ನಿಂತಿತು.

ಈರಕ್ಕನಿಗೆ ಕೇಳಿದಷ್ಟೂ ಕೇಳಬೇಕು.

"ಅದು ನೀರು ಎಲ್ಲಿ ಕುಡೀತೈತೆ?"

"ಆಟ ಕಣಜ್ಜಿ ಅದು."

"ಆಟ ಆದ್ರೆ ನೀರಡಿಕೆ ಆಗಬಾರದಾ? ಒಂಟಿಯಾಗೇ ತಿರುಗ್ತೈತಾ? ಮರಿ ಪರಿ ಇಲ್ವಾ?"

"ಅಯ್ಯೋ ಅಜ್ಜಿ, ಸುಮ್ಕಿರು. ನೀ ಮಾತಾಡ್ತಿದ್ರೆ ನನ್ನ ಕೈ ತಪ್ತೈತೆ."

ಸುಮ್ಮನಿರುವುದು ಈರಕ್ಕನ ಜಾಯಮಾನವಲ್ಲ. ಹೀಗೆ ಕೇಳಿ ಕೇಳಿಯೇ ಅವಳು ಬೆರಳಾಡಿಸುವುದನ್ನೂ ಕಲಿತಳು. ನಾಲ್ಕು ದಿಕ್ಕಿನ ಗುಂಡಿ ಒತ್ತಿ ನಡೆಸಲು ಬರುತ್ತಿತ್ತು. ಸಣ್ಣಪುಟ್ಟ ಪ್ರಾಣಿ ಅಡ್ಡ ಬಂದರೆ ಮೂಲೆಯಲ್ಲಿದ್ದ ‘ಬಿಟ್ಟು ಹೋಗು’ ಒತ್ತಿ ಮುಂದೆ ಸಾಗಲು ಬರುತ್ತಿತ್ತು. ತನ್ನ ಕಾಲು ನಡೆಯದಿದ್ದರೂ ಬೆರಳು ನಡೆಯುತ್ತದಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ.

ಆ ಖುಷಿಗೆ ಕಲ್ಲು ಬಿದ್ದದ್ದು ಒಂದು ಭಾನುವಾರ. ಮುಂದಿನ ಭಾನುವಾರ ಆತಿಕಾಳ ನಿಕಾ. ಅವತ್ತೇ ಬಳ್ಳಾರಿಗೆ ಗಂಡನ ಮನೆಗೆ. ಉಳಿದದ್ದು ಒಂದೇ ವಾರ. ಚೈತ್ರಾ ಎರಡು ತಿಂಗಳಿಂದ ನೆರಳಿನ ಬಣ್ಣದ ಒಂದು ಬೆಕ್ಕನ್ನು ಪಳಗಿಸುತ್ತಿದ್ದಳು. ಅದು ಮುಂದೆ ನಿಂತರೆ ಎದುರಿನ ಪ್ರಾಣಿ ಓಡುವ ಹಾಗಿಲ್ಲ, ಕಾಲು ಕಟ್ಟಿದಂತೆ ನಿಲ್ಲಬೇಕು. ನಡೆದಷ್ಟೂ ಬೆಕ್ಕು ಪಳಗುತ್ತದೆ ಎಂದು ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟು ತಲೆಗೆ ನೀರು ಹಾಕಿಕೊಳ್ಳಲು ಹೋದಳು.

"ಹಿಂಗೇ ಆಚೆ ಈಚೆ ನಡೆಸ್ತಿರು ಅಜ್ಜಿ. ಅಂಡಲೆ ಏನಾದ್ರೂ ಬಂದ್ರೆ ಮಾತ್ರ ಯಾವ ಗುಂಡೀನೂ ಒತ್ತಬ್ಯಾಡ, ನನ್ನ ಕೂಗು."

ಈರಕ್ಕ ಎರಡು ಸೀಮೆ ಕೂಡುವ ಒಂದು ಗಡಿಕಲ್ಲಿನ ಹತ್ತಿರ ಆಚೆ ಈಚೆ ನಡೆಸುತ್ತ ಕೂತಳು. ಸ್ವಲ್ಪ ಹೊತ್ತಿಗೆ ಗಾಜು ಮಿಂಚಿತು. ಹುಲ್ಲಿನೊಳಗಿಂದ ಅಂಡಲೆ ಕೂಗುತ್ತ ಎದ್ದು ಬಂತು. ಬಂದದ್ದು ಓಡಲಿಲ್ಲ! ಬೆಕ್ಕು ಮುಂದಿತ್ತು, ಓಡಲು ಆಗಲಿಲ್ಲ. ಈರಕ್ಕ ಬಾಯಿ ತೆರೆದು ಕೂಗಬೇಕು ಅನ್ನುವಷ್ಟರಲ್ಲಿ ಅದರ ಎಡಗಿವಿ ಕಂಡಿತು. ಕಿವಿಯ ಅಂಚಿನಲ್ಲಿ ಓರೆಯಾಗಿ ಎರಡು ಕಚ್ಚು.

ಕುರಿ ಕಾಯುವವರಿಗೆ ಕಿವಿಯ ಕಚ್ಚು ಅಂದರೆ ಒಡೆಯನ ರುಜು. ಮರಿ ಇದ್ದಾಗಲೇ ಒಬ್ಬೊಬ್ಬರು ಒಂದೊಂದು ಥರ ಕಿವಿ ಕೊಯ್ದಿರುತ್ತಾರೆ. ಸಾವಿರ ಕುರಿ ಬೆರೆತರೂ ಯಾರ ಮಂದೆಯದು ಯಾವುದು ಎಂದು ಕಿವಿ ಹೇಳುತ್ತದೆ. ಈರಕ್ಕ ಮದುವೆಯಾದ ಹೊಸದರಲ್ಲಿ ಹೊಸದುರ್ಗದ ಕಡೆ ಮಂದೆ ಬಿಟ್ಟಿದ್ದಾಗ ಗುರುತಿನ ಕಿವಿಯ ಬೇರೆಯವರ ಟಗರೊಂದು ಬಂದು ಸೇರಿಕೊಂಡಿತ್ತು. ತೋಳ ಹಿಡಿದೀತು, ಪಾಪ, ಎಂದು ಅವಳ ಗಂಡ ಚಿತ್ರಲಿಂಗಪ್ಪ ಅದನ್ನು ರೊಪ್ಪದೊಳಗೆ ಕಟ್ಟಿದ. ಬೆಳಗಾಗುವಷ್ಟರಲ್ಲಿ ಹತ್ತು ಜನ ಬಂದು ಅವನನ್ನು ಕಳ್ಳ ಎಂದರು. ಕಂಬಳಿ ಮುಟ್ಟಿಸಿ ಆಣೆ ಮಾಡಿಸುವವರೆಗೂ ಬಿಡಲಿಲ್ಲ. ಸತ್ತುಹೋಗುವವರೆಗೂ ಅವನು ಆ ಮಾತು ಮರೆಯಲಿಲ್ಲ. ಅಲ್ಲಿಂದಾಚೆ ಈರಕ್ಕನ ಮಂದೆಗೆ ಕಚ್ಚುಗಿವಿಯದು ಬಂದರೆ ಕಟ್ಟುವುದಿಲ್ಲ, ಬಂದ ದಾರಿಗೇ ತಿರುಗಿಸಿ ಬಿಡುವುದು. ಹಿಂದೆಯೇ ಒಡೆಯ ಹುಡುಕಿಕೊಂಡು ಬರುತ್ತಿರುತ್ತಾನೆ ಎಂಬುದು ಲೆಕ್ಕ.

ಅವಳ ಬೆರಳು ತಾನಾಗಿಯೇ ‘ಬಿಟ್ಟು ಹೋಗು’ ಒತ್ತಿತು.

ಚೈತ್ರಾ ತೊಯ್ದ ತಲೆಗೆ ಟವಲು ಸುತ್ತಿಕೊಂಡು ಓಡಿ ಬಂದಳು. "ಅಜ್ಜಿ! ಅದು ಕೂಗಿದ್ದು ಕೇಳ್ತು ನಂಗೆ. ಎಲ್ಲಿ?"

"ಬಂದಿತ್ತು ಕಣೆ. ಕಳಿಸ್ದೆ."

"ಕಳಿಸ್ದೆ ಅಂದ್ರೆ?"

"ಕಿವಿ ಕಚ್ಚು ಇತ್ತು, ಎರಡು. ಯಾರದೋ ಮಂದೇದು. ಅಂಥದ್ದನ್ನ ಕಟ್ಟಾಕಬಾರದು ತಾಯಿ."

ಚೈತ್ರಾ ಡಬ್ಬಿ ನೋಡಿದಳು, ಅಜ್ಜಿಯ ಮುಖ ನೋಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಗಿತ್ತು ಅವಳಿಗೆ. ಮೊದಲು ನಗು ಬಂದಂತಾಯಿತು, ಆಮೇಲೆ ಅಳು. "ನಾಳೆ ಇದು ಆತಿಕಾ ಕೈಗೆ ಹೋಗ್ತೈತೆ. ಇವತ್ತೇ ಫೋನ್ ಮಾಡಿ ಅವಳನ್ನ ಕರೆಸ್ಬೋದಿತ್ತು. ಇನ್ಯಾವಾಗ ಅಜ್ಜಿ ನಾವಿಬ್ರೂ ಕುಂತ್ಕಳಾದು? ನಿಂಗೆ ಕುರಿ ಬಿಟ್ರೆ ಈ ಲೋಕದಾಗೆ ಏನೂ ಗೊತ್ತಿಲ್ಲ. ಇನ್ಮ್ಯಾಕೆ ನನ್ನ ಸಾಮಾನು ಮುಟ್ಟಬ್ಯಾಡ."

ಅಷ್ಟು ಹೇಳಿ ಬಾಯಿ ಮುಚ್ಚಿದವಳು ತೆಗೆಯಲೇ ಇಲ್ಲ. ಸೋಮವಾರ ಡಬ್ಬಿಯನ್ನು ಚೀಲಕ್ಕೆ ಎಸೆದುಕೊಂಡು ಕೆಲಸಕ್ಕೆ ಹೋದಳು. ಮಂಗಳವಾರ ಮಾತಿಲ್ಲ, ಬುಧವಾರ ಮಾತಿಲ್ಲ. ಅಜ್ಜಿ ಎದುರಿಗೆ ತಟ್ಟೆ ಇಟ್ಟರೆ ಉಣ್ಣುವಳು, ಅಜ್ಜಿ ಮಾತಾಡಿದರೆ ಗೋಡೆ ನೋಡುವಳು. ಬೈಯುವ ಮಕ್ಕಳನ್ನು ತಡೆದುಕೊಳ್ಳಬಹುದು ಮಾರಾಯರೇ, ಮಾತು ಬಿಟ್ಟ ಮಕ್ಕಳನ್ನು ತಡೆದುಕೊಳ್ಳುವುದು ಆಗುವುದಿಲ್ಲ. ಈರಕ್ಕನಿಗೆ ಅನ್ನ ರುಚಿಸಲಿಲ್ಲ. ಹಾಳಾದ್ದು, ಒಂದು ಗುಂಡಿ! ಆ ಪ್ರಾಣಿ ಮತ್ತೆ ಸಿಕ್ಕರೆ ಸಾಕು, ಹುಡುಗಿ ಮತ್ತೆ ಅಜ್ಜೀ ಎಂದರೆ ಸಾಕು, ಬೇರೇನೂ ಬೇಡವಾಯಿತು.

ಶುಕ್ರವಾರ ಬೆಳಿಗ್ಗೆ ಸೆರಗಿನಲ್ಲಿ ಎರಡು ಸೇರು ಕಡ್ಲೆಕಾಯಿ ಕಟ್ಟಿಕೊಂಡು ಎದ್ದಳು. ಸೊಸೆ ರೇಣುಕಮ್ಮ ಬಾಗಿಲಿಗೆ ಬಂದಳು.

"ಮಂಡಿ ನೋವು ಇಟ್ಕಂಡು ಎಲ್ಲಿಗತ್ತೆ?"

"ದುರ್ಗಕ್ಕೆ. ತಪ್ಪಿಸ್ಕಂಡಿದ್ದನ್ನ ಹುಡುಕಾಕೆ."

ದುರ್ಗದಲ್ಲಿ ಆತಿಕಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮದುವೆ ಮನೆ, ಓಣಿಯಿಂದಲೇ ಗದ್ದಲ. ಅವಳ ತಾಯಿ ಮೆಹರುನ್ನೀಸಾ ಕೈಹಿಡಿದು ಒಳಗೆ ಕರೆದಳು. "ಬರ್ರಿ ಅಜ್ಜಿ, ಕುಂತ್ಕಳ್ರಿ. ಚೈತ್ರಾ ಮಧ್ಯಾಹ್ನ ಬರ್ತೀನಿ ಅಂದಾಳೆ, ಮೆಹಂದಿಗೆ. ನೀವು ಮೊದ್ಲೇ ಬಂದ್ರಿ, ಒಳ್ಳೇದಾಯ್ತು."

ಆತಿಕಾ ಒಳಕೋಣೆಯಲ್ಲಿ ಚಾಪೆಯ ಮೇಲೆ ಎರಡೂ ಕೈ ಮುಂದಕ್ಕೆ ಚಾಚಿ ಕೂತಿದ್ದಳು. ಬೆರಳ ತುದಿಯಿಂದ ಮೊಣಕೈವರೆಗೆ ಹಸಿ ಮೆಹಂದಿ. ನೊಣ ಕೂತರೂ ಓಡಿಸುವ ಹಾಗಿಲ್ಲ. ಈರಕ್ಕ ಎದುರಿಗೆ ಕೂತು, ಕಡ್ಲೆಕಾಯಿ ಸುರಿದು, ಸುತ್ತುಬಳಸಿಲ್ಲದೆ ಹೇಳಿದಳು.

"ತಾಯಿ, ನಿಮ್ಮ ಪ್ರಾಣೀನ ಬಿಟ್ಟೋಳು ನಾನು. ಕಿವಿ ಕಚ್ಚು ನೋಡಿ ಯಾರದೋ ಅಂತ ಬಿಟ್ಟೆ. ತಪ್ಪಾತು."

ಆತಿಕಾ ನಕ್ಕಳು ನೋಡಿ, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಇಲ್ಲ, ಈರಕ್ಕನೇ ಸೆರಗಿನಿಂದ ಒರೆಸಿದಳು.

"ಯಾ ಅಲ್ಲಾ! ಚೈತ್ರಾ ನಂಗೆ ಬರೀ ತಪ್ಪಿಸ್ಕಳ್ತು ಅಂದ್ಲು ಅಜ್ಜಿ. ನಿಮ್ಮ ಹೆಸರೇ ಹೇಳ್ಲಿಲ್ಲ."

ಮಾತು ಬಿಟ್ಟರೂ ಹುಡುಗಿ ಅಜ್ಜಿಯನ್ನು ಬಿಟ್ಟುಕೊಟ್ಟಿರಲಿಲ್ಲ. "ಆ ಕಚ್ಚು ಯಾರದು ಹಂಗಾರೆ?" ಎಂದಳು ಈರಕ್ಕ, ಮಾತು ಬದಲಿಸಲು.

"ಯಾರದೂ ಅಲ್ಲ. ಚಿತ್ರ ಬರ್ದೋರು ಹಂಗೆ ಬರ್ದವ್ರೆ, ಆ ಜಾತೀನೇ ಹಂಗೆ. ಬ್ಯಾರೆಯೋರ ಪ್ರಾಣಿ ಆಗಿದ್ರೆ ಅದರ ಮ್ಯಾಲೆ ಚೆಂಡು ಎಸೆಯಾಕೆ ಆಟನೇ ಬಿಡಲ್ಲ, ಅಜ್ಜಿ."

"ಹೌದಾ? ಅಷ್ಟು ನಿಯತ್ತೈತಾ ಇದರಾಗೆ?" ಈರಕ್ಕನಿಗೆ ಆಟದ ಮೇಲೆ ಗೌರವ ಹೆಚ್ಚಿತು. "ಮತ್ತೆ ನಾ ಬಿಟ್ಟಿದ್ದು ಸತ್ತಿಲ್ಲ ತಾನೆ?"

"ಇಲ್ಲ. ಎಲ್ಲೋ ತಿರುಗ್ತೈತೆ. ಆದ್ರೆ ನನ್ನ ಕೈ ನೋಡ್ರಿ, ಸಂಜೆಗಂಟ ಏನೂ ಮುಟ್ಟಂಗಿಲ್ಲ. ನಾಳೆ ನೆಂಟರು, ನಾಡಿದ್ದು ನಿಕಾ. ಆಸೆ ಬಿಟ್ಟೆ ನಾನು."

"ಕೈ ನಂದೈತಲ್ಲ. ಹುಡುಕಾಣ, ತಗಿಸು."

ದಿಂಬಿನ ಕೆಳಗಿದ್ದ ಡಬ್ಬಿಯನ್ನು ಈರಕ್ಕನೇ ತೆಗೆದಳು. ಆತಿಕಾ ಬಾಯಲ್ಲಿ ಹೇಳುವುದು, ಈರಕ್ಕ ಬೆರಳಲ್ಲಿ ಮಾಡುವುದು. ನಕಾಶೆ ತೆರೆಸಿದಳು. ಕೆಂಪು ಚುಕ್ಕಿ ಮೇಲಿನ ಮೂಲೆಯಲ್ಲಿತ್ತು. "ಹಕ್ಕಿ ಕರೀರಿ, ಹಾರಿ ಹೋಗಾಣ" ಎಂದಳು ಆತಿಕಾ. ಹಾರಿದರು. ಇಳಿದು ನೋಡಿದರೆ ಚುಕ್ಕಿ ಕೆಳಗಿನ ಮೂಲೆಯಲ್ಲಿ. ಇನ್ನೊಮ್ಮೆ ಹಾರಿದರು, ಇನ್ನೊಂದು ಮೂಲೆ.

"ಮೂರು ವರ್ಷ ಹಿಂಗೇ ಮಾಡಿದ್ರಾ?" ಎಂದಳು ಈರಕ್ಕ.

"ಮತ್ತೆ ಹೆಂಗೆ ಮಾಡ್ಬೇಕು?"

ಈರಕ್ಕನಿಗೆ ಭಾನುವಾರದ್ದು ನೆನಪಾಗುತ್ತಿತ್ತು. ತಾನು ಎಲ್ಲಿಗೂ ಹಾರಿರಲಿಲ್ಲ, ಬೆನ್ನಟ್ಟಿರಲಿಲ್ಲ. ಕಲ್ಲಿನ ಪಕ್ಕ ಆಚೆ ಈಚೆ ಮಾಡುತ್ತಿದ್ದಾಗ ಅದೇ ತಾನಾಗಿ ಬಂದಿತ್ತು. ಯಾಕೆ ಬಂತು? ಅವಳು ಚಾಪೆಯ ಮೇಲೆ ನಕಾಶೆಯಂತೆಯೇ ಕಡ್ಲೆಕಾಯಿ ಜೋಡಿಸಿದಳು, ಒಂದು ಸೀಮೆಗೆ ಒಂದು ಕಾಯಿ. ಸುಲಿದ ಬೀಜ ಒಂದನ್ನು ಅಂಡಲೆ ಮಾಡಿದಳು. ಆಮೇಲೆ ಪರೀಕ್ಷೆ ಶುರುವಾಯಿತು. ನಿಂತರೆ ಚುಕ್ಕಿಯೂ ನಿಂತಿತು. ಹುಲ್ಲಿನೊಳಗೆ ಅಡ್ಡಾಡಿದರೂ ಅಲ್ಲಾಡಲಿಲ್ಲ. ಗಡಿಕಲ್ಲು ದಾಟಿ ಪಕ್ಕದ ಸೀಮೆಗೆ ಕಾಲಿಟ್ಟ ಕೂಡಲೇ ಚುಕ್ಕಿ ತನ್ನ ಪಕ್ಕದ ಸೀಮೆಗೆ ಸರಿಯಿತು. ಹಿಂದಕ್ಕೆ ಬಂದರೆ ಮತ್ತೆ ಒಂದು ಸೀಮೆ. ಹಾರಿದರೆ ಮಾತ್ರ ಹೆದರಿ ಎಲ್ಲೆಂದರಲ್ಲಿ ಬೀಳುತ್ತಿತ್ತು.

"ನೋಡ್ದಾ!" ಈರಕ್ಕ ತೊಡೆ ತಟ್ಟಿದಳು, ಮಂಡಿ ನೋವು ಮರೆತು. "ನಾವು ಒಂದು ಗಡಿ ದಾಟಿದ್ರೆ ಅದೂ ಒಂದು ಗಡಿ ದಾಟ್ತೈತೆ. ಬೆದರಿದ ಕುರೀನೂ ಹಿಂಗೇ. ಹಿಂದೆ ಓಡಿದ್ರೆ ಗುಡ್ಡ ಹತ್ತಿಸ್ತೈತೆ. ಒಂದು ಕಡೆ ಒಡ್ಡಿನ ಮ್ಯಾಲೆ ನಿಂತ್ಕಂಡು, ನಂಗೇನು ನಿನ್ನ ಗೊಡವೆ ಅಂದಂಗೆ, ಒಂದು ಹೆಜ್ಜೆ ಆಚೆ ಒಂದು ಹೆಜ್ಜೆ ಈಚೆ ಮಾಡ್ತಿರಬೇಕು. ಸುತ್ತು ಹಾಕ್ಕಂಡು ಅದೇ ಬತ್ತೈತೆ."

ಆತಿಕಾ ಬಾಯಿ ಬಿಟ್ಟುಕೊಂಡು ಕಡ್ಲೆಕಾಯಿ ನೋಡಿದಳು. ಮೂರು ವರ್ಷ! ರಕ್ತದ ಒಂದು ಹನಿಯಲ್ಲಿ ಏನೇನಿದೆ ಎಂದು ಹೇಳುವ ಹುಡುಗಿಯರಿಗೆ ಇದು ಹೊಳೆದಿರಲಿಲ್ಲ.

ನಡುವಿನ ಸೀಮೆಯೊಂದರ ಗಡಿಕಲ್ಲಿಗೆ ಹೋಗಿ ನಿಂತರು. ಆಚೆ, ಈಚೆ. ಪ್ರತಿ ಹೆಜ್ಜೆಗೂ ಈರಕ್ಕ ನಕಾಶೆ ನೋಡಿ ಬೀಜ ಸರಿಸುವಳು. ಹತ್ತಿರ ಬರುವುದು, ದೂರ ಹೋಗುವುದು. ಹೊರಗೆ ಹೆಂಗಸರು ಊಟಕ್ಕೆ ಕರೆದರು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಹರುನ್ನೀಸಾ ಮಗಳ ಬಾಯಿಗೆ ನಾಲ್ಕು ತುತ್ತು ಇಟ್ಟು, ಈ ಅಜ್ಜಿ ಮಗಳಿಗಿಂತ ಹುಚ್ಚಿ ಎಂದು ನಗುತ್ತ ಹೋದಳು. ಮೂವತ್ತೊಂದನೇ ಹೆಜ್ಜೆಗೆ ಬೀಜ ಇವರಿದ್ದ ಕಾಯಿಯ ಮೇಲೆಯೇ ಬಂದು ಕೂತಿತು.

"ಹುಲ್ಲಿಗೆ ಹೋಗ್ರಿ ಅಜ್ಜಿ, ಹುಲ್ಲಿಗೆ! ಬೆಕ್ಕು ಮುಂದೈತೆ ತಾನೆ?"

"ಐತೆ, ಐತೆ. ಕೂಗಬ್ಯಾಡ."

ಹುಲ್ಲಿನೊಳಗೆ ಎಂಟು ಹೆಜ್ಜೆ. ಗಾಜು ಮಿಂಚಿತು, ಅಂಡಲೆ ನಿಂತಿತು. ನೀಲಿಗಪ್ಪು ಮೈ, ಜಿಂಕೆಯಂಥ ಕಾಲು, ಗೊರಸಿನಲ್ಲಿ ಕಿಡಿ. ಈರಕ್ಕ ಈ ಸಲ ಕಿವಿಯನ್ನು ನೋಡಿಯೂ ನೋಡದಂತೆ ದಾಟಿಸಿದಳು. ಬೆಕ್ಕಿನಿಂದ ಒಂದು ಏಟು ಹಾಕಿಸಿದರು. ಅಂಡಲೆಯ ಬಲ ತೋರಿಸುವ ಹಸಿರು ಗೆರೆ ಅರ್ಧಕ್ಕಿಳಿಯಿತು. ಇನ್ನೊಂದು ಏಟಿಗೆ ಗೆರೆ ಕೆಂಪಾಗಿ ಕಾಲುಭಾಗವೂ ಉಳಿಯಲಿಲ್ಲ.

"ಇನ್ನೊಂದು ಸಣ್ಣ ಏಟು ಹಾಕಿಸ್ರಿ" ಎಂದಳು ಆತಿಕಾ.

"ಬ್ಯಾಡ. ಸತ್ತೋಯ್ತೈತೆ."

"ಸಾಯಲ್ಲ ಅಜ್ಜಿ."

"ಎರಡು ಏಟಿಗೆ ಎಷ್ಟಿಳ್ಸ್ತು ನೋಡ್ಲಿಲ್ವಾ? ಮೂರನೇದಕ್ಕೆ ಏನು ಉಳೀತೈತೆ? ಸುಮ್ಕಿರು ತಾಯಿ, ಇದೊಂದು ನನ್ನ ಮಾತು ಕೇಳು."

ಲೆಕ್ಕ ಹಾಕಿದ ಆತಿಕಾಳ ಮುಖ ಬಿಳಿಚಿತು. ಇನ್ನೊಂದು ಏಟು ಬಿದ್ದಿದ್ದರೆ ಮೂರು ವರ್ಷದ್ದು ಅಲ್ಲೇ ಮುಗಿಯುತ್ತಿತ್ತು.

ಇನ್ನು ಚೆಂಡು ಎಸೆಯುವುದೊಂದೇ ಬಾಕಿ. ಚೀಲದಲ್ಲಿ ಐದು ಚೆಂಡು ಇದ್ದವು. ಎಸೆದ ಚೆಂಡು ಒಡೆಯದೆ ಮೂರು ಸಲ ಅಲುಗಿದರೆ ಪ್ರಾಣಿ ನಮ್ಮದು. ಈರಕ್ಕ ಬೆರಳು ಎತ್ತಿ ಹಿಡಿದುಕೊಂಡಳು. "ನಾವು ಒತ್ತದಿದ್ರೆ ಅದೂ ಹಿಂಗೇ ನಿಂತಿರ್ತೈತಾ?"

"ಇರ್ತೈತೆ."

"ಹಂಗಾರೆ ಚೈತ್ರಾ ಬರ್ಲಿ. ಇಬ್ರೂ ಕುಂತು ಹಿಡೀಬೇಕು ಅಂತ ಆಣೆ ಐತಲ್ಲ."

ಆಗ ಗಂಟೆ ಎರಡೂವರೆ. ಚೈತ್ರಾ ಅರ್ಧ ದಿನ ರಜ ಹಾಕಿ ಬಸ್ಸು ಹತ್ತಿಯಾಗಿತ್ತು, ಮೂರೂಕಾಲಕ್ಕೆ ಬರಬೇಕು. ಈರಕ್ಕ ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಯಾವ ಗುಂಡಿಗೂ ಬೆರಳು ತಾಕದಂತೆ ಕೂತಳು. ಮೂರೂಕಾಲಾಯಿತು, ಮೂರೂವರೆಯಾಯಿತು. ಚೈತ್ರಾ ಬರಲಿಲ್ಲ. ಡಬ್ಬಿಯ ಮೂಲೆಯಲ್ಲಿ ಕೆಂಪು ದೀಪ ಹತ್ತಿತು.

"ಚಾರ್ಜು!" ಎಂದು ಆತಿಕಾ ಕೂಗಿದಳು. "ಚಾರ್ಜರ್ ಇಲ್ಲ ಅಜ್ಜಿ ನನ್ನ ಹತ್ರ. ಸೋಮವಾರ ಚೈತ್ರಾ ಕೊಡೋದು ಮರ್ತಿದ್ಲು."

ಮರೆತದ್ದೇ? ಸಿಟ್ಟಿನಲ್ಲಿ ಡಬ್ಬಿ ಒಂದನ್ನೇ ಎಸೆದುಕೊಂಡು ಹೋದದ್ದನ್ನು ಈರಕ್ಕ ಕಣ್ಣಾರೆ ಕಂಡಿದ್ದಳು. ಚಾರ್ಜರ್ ಐಮಂಗಲದ ಗೂಡಿನಲ್ಲಿ ಬೆಚ್ಚಗೆ ಕೂತಿತ್ತು. ದಿಲಾವರ್ ಅಂಗಡಿಯಿಂದ ಒಂದು ಡಬರಿ ತುಂಬ ವೈರು ತಂದು ಒಂದೊಂದಾಗಿ ತೂರಿಸಿ ನೋಡಿದ. "ಈ ಪಿನ್ನು ಈಗ ಎಲ್ಲೂ ಬರಲ್ಲಮ್ಮಾ" ಎಂದು ಕೈಚೆಲ್ಲಿದ. ಕಾಳಗದ ನಡುವೆ ಆಟವನ್ನು ಉಳಿಸಿ ಆರಿಸುವ ಹಾಗೂ ಇರಲಿಲ್ಲ. ಡಬ್ಬಿ ಸತ್ತರೆ ಅಂಡಲೆ ಮತ್ತೆ ದೇಶ ಸುತ್ತಲು ಹೋಗುತ್ತದೆ.

ಆತಿಕಾ ತಮ್ಮನ ಕೈಯಲ್ಲಿ ಫೋನು ಹಚ್ಚಿಸಿ, ಸ್ಪೀಕರಿಗೆ ಹಾಕಿಸಿ ಚಾಪೆಯ ಮೇಲಿಡಿಸಿದಳು. ಆ ಕಡೆಯಿಂದ ಹಾರನ್ನುಗಳ ಗಲಾಟೆ.

"ಲೇ ಆತಿಕಾ, ಇಲ್ಲೇ ಅದೀನಿ, ಐಮಂಗಲ ದಾಟಿ. ಈರುಳ್ಳಿ ಲಾರಿ ಮಗುಚಿ ಬಿದ್ದೈತೆ, ಹೈವೇ ತುಂಬಾ ಈರುಳ್ಳಿ. ಮುಕ್ಕಾಲು ಗಂಟೆ ಆತು ಬಸ್ ಅಲ್ಲಾಡಿಲ್ಲ."

ಆತಿಕಾ ಒಂದೇ ಉಸಿರಿಗೆ ಹೇಳಿದಳು. ಅಜ್ಜಿ ಬಂದದ್ದು, ಕಡ್ಲೆಕಾಯಿ ನಕಾಶೆ, ಗಡಿಕಲ್ಲು, ಮೂರನೇ ಏಟು ಬೇಡವೆಂದದ್ದು, ಗೋಡೆಗೊರಗಿ ಒಂದು ಗಂಟೆಯಿಂದ ಕದಲದೆ ಕೂತದ್ದು. ಈರಕ್ಕ ಫೋನಿನ ಕಡೆ ಬಗ್ಗಿದಳು.

"ಚೈತ್ರಾ, ನಾ ಒತ್ತಲ್ಲವ್ವಾ. ನೀ ಬರೋಗಂಟ ಹಿಡ್ಕಂಡು ಕುಂತಿರ್ತೀನಿ. ನಿಮ್ಮಾಣೆ ಮುರಿಯಲ್ಲ."

ಹಾರನ್ನು, ಜನರ ಕೂಗು. ಆಮೇಲೆ ಚೈತ್ರಾಳ ದನಿ, ಸಣ್ಣಗೆ.

"ದೀಪ ಮಿಣುಕ್ತೈತಾ, ಹಂಗೇ ಉರೀತೈತಾ?"

"ಮಿಣುಕ್ತೈತೆ."

"ಹಂಗಾರೆ ಐದು ನಿಮಿಷನೂ ಇಲ್ಲ." ಆಮೇಲೆ ದನಿ ಗಟ್ಟಿಯಾಯಿತು. "ಅಜ್ಜೀ, ನೀನೇ ಒತ್ತು."

"ನೀನಿಲ್ದೆ?"

"ನಾ ಇಲ್ಲೇ ಕೇಳ್ತಿರ್ತೀನಿ. ಆತಿಕಾ ಪಕ್ಕದಾಗೆ ಕುಂತವಳೆ. ನನ್ನ ಬದ್ಲು ನೀ ಕುಂತೀಯ. ಆಣೆ ಏನೂ ಮುರಿಯಲ್ಲ, ಒತ್ತಜ್ಜಿ."

ಆತಿಕಾ ತಲೆಯಾಡಿಸಿದಳು. ಈರಕ್ಕ ಒತ್ತಿದಳು. ಚೆಂಡು ಹಾರಿತು, ಅಂಡಲೆ ಒಳಗೆ ಹೋಯಿತು, ಚೆಂಡು ಒಮ್ಮೆ ಅಲುಗಿತು, ಇನ್ನೊಮ್ಮೆ ಅಲುಗಿತು, ಪಟ್ಟನೆ ಒಡೆಯಿತು. "ಹೋತು" ಎಂದಳು ಆತಿಕಾ ಫೋನಿಗೆ. ಎರಡನೆಯದು ಒಂದು ಅಲುಗಿಗೇ ಒಡೆಯಿತು. ಮೂರನೆಯದು ಎರಡಕ್ಕೆ. ಕೆಂಪು ದೀಪ ಬಡಬಡ ಮಿಣುಕತೊಡಗಿತು. ಬಾಗಿಲಲ್ಲಿ ಮೆಹರುನ್ನೀಸಾ, ದಿಲಾವರ್, ಮೆಹಂದಿ ಹಚ್ಚಲು ಬಂದಾಕೆ, ನೆಂಟರ ಹೆಂಗಸರು ಎಲ್ಲರೂ ಏನೆಂದು ತಿಳಿಯದೆ ಇಣುಕುತ್ತ ನಿಂತಿದ್ದರು. ಈರಕ್ಕ ನಾಲ್ಕನೆಯದನ್ನು ಒತ್ತಿದಳು.

"ಒಂದು" ಎಂದಳು ಆತಿಕಾ. "ಎರಡು." ಆಮೇಲೆ ಅವಳು ಕಣ್ಣು ಮುಚ್ಚಿಕೊಂಡಳು.

"ಮೂರು" ಎಂದಳು ಈರಕ್ಕ.

ಚೆಂಡು ಟಕ್ಕೆಂದು ಮುಚ್ಚಿಕೊಂಡಿತು.

"ಉಳಿಸ್ರಿ ಅಜ್ಜಿ, ಉಳಿಸ್ರಿ! ಬಲಗಡೆ ಮ್ಯಾಲಿನ ಗುಂಡಿ, ಈಗ ಬಂದ ಪಟ್ಟೀಲಿ ಕೆಳಗಿಂದ ಎರಡನೇದು, ಹ್ಞಾಂ, ಒತ್ರಿ!" ಆತಿಕಾ ಮೆಹಂದಿ ಕೈಗಳನ್ನು ಗಾಳಿಯಲ್ಲಿ ಕುಣಿಸುತ್ತ ಕಿರುಚಿದಳು. ಈರಕ್ಕ ಒತ್ತಿದಳು. ಗಾಜಿನ ಮೇಲೆ ಒಂದು ಸಾಲು ಬರಹ ಮೂಡಿತು, ಅವಳಿಗೆ ಓದಲು ಬಾರದ ಅಕ್ಷರ. ಮರುಗಳಿಗೆ ಡಬ್ಬಿ ಕಪ್ಪಾಯಿತು.

"ಏನಂತಿತ್ತು ಅದು? ಏನಂತಿತ್ತು ಹೇಳೇ!"

"ಉಳೀತು ಅಂತಿತ್ತು" ಎಂದಳು ಆತಿಕಾ. "ಉಳೀತು ಅಜ್ಜಿ. ಇನ್ನೂರ ಹನ್ನೆರಡು." ಮೆಹಂದಿ ಕೆಟ್ಟರೆ ಕೆಡಲಿ ಎಂದು ಮೊಣಕೈಯಿಂದಲೇ ಅಜ್ಜಿಯ ಕುತ್ತಿಗೆ ತಬ್ಬಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. ಬಾಗಿಲಲ್ಲಿದ್ದ ಹೆಂಗಸರು, ಏನೋ ಒಳ್ಳೆಯದಾಗಿದೆ ಎಂದುಕೊಂಡು, ಸಿಹಿ ತರಲು ಒಳಗೆ ಹೋದರು.

ಫೋನು ಇನ್ನೂ ಚಾಪೆಯ ಮೇಲಿತ್ತು. ಆ ಕಡೆ ಗದ್ದಲ ಹಾಗೇ ಇತ್ತು, ಬಸ್ಸು ಅಲ್ಲಾಡಿರಲಿಲ್ಲ. ಈರಕ್ಕ ಅದನ್ನು ಎತ್ತಿ ಕಿವಿಗಿಟ್ಟುಕೊಂಡಳು.

"ಅಜ್ಜೀ" ಎಂದಳು ಚೈತ್ರಾ. "ಲಾರಿ ಎತ್ತಾಕೆ ಇನ್ನೂ ಹೊತ್ತಾಗ್ತೈತಂತೆ. ಬೆಳಿಗ್ಗೆ ಎದ್ದಾಗಿಂದ ಎಲ್ಲಾ ಹೇಳು. ಒಂದೂ ಬಿಡಬ್ಯಾಡ."

ಈರಕ್ಕ ಗೋಡೆಗೆ ಒರಗಿ, ನೋಯುವ ಮಂಡಿಯನ್ನು ಉದ್ದಕ್ಕೆ ಚಾಚಿಕೊಂಡಳು.

"ಬೆಳಿಗ್ಗೆ ಎದ್ದೆನಾ," ಎಂದು ಶುರುಮಾಡಿದಳು, "ನೀ ಕೆಲಸಕ್ಕೆ ಹೋಗಿದ್ದೆ. ಕಡ್ಲೆಕಾಯಿ ಕಟ್ಕಂಡೆ…"

"ಹ್ಞೂಂ" ಎಂದಳು ಚೈತ್ರಾ.